ಲೆಕ್ಕ ಸರಿ ಇದೆ

ಒಂದೇ ದಿನದಲ್ಲಿ ಇಡೀ ಊರು ತೋರಿಸುತ್ತೇವೆ ಎಂದು ಬಸ್ಸಿನ ಎರಡೂ ಪಕ್ಕಕ್ಕೆ ದಪ್ಪಕ್ಷರದಲ್ಲಿ ಬರೆಸಿದ್ದರು. ಐನೂರು ವರ್ಷದ ಊರು, ಏಳು ಜಾಗ, ಒಂಬತ್ತು ಗಂಟೆ. ಒಂದೊಂದು ರಾಜಮನೆತನಕ್ಕೂ ಹೆಚ್ಚೆಂದರೆ ನಲವತ್ತು ನಿಮಿಷ, ಶೌಚಾಲಯಕ್ಕೆ ಹೋಗುವವರು ಅದರಲ್ಲೇ ಹೋಗಿಬರಬೇಕು. ಊರನ್ನು ಹೀಗೆ ಹೆಚ್ಚಿ ಹಂಚುವ ಕೆಲಸವನ್ನು ಗೈಡು ಹತ್ತೊಂಬತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದ. ಎಲ್ಲಿ ನಗಿಸಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲವೂ ಬಾಯಿಪಾಠ. ಒಂದು ನಿಮಿಷವೂ ಆಚೀಚೆ ಆಗದ ಅವನಿಗೆ ಡ್ರೈವರು ಗಡಿಯಾರ ಎಂದು ಹೆಸರಿಟ್ಟಿದ್ದ. ಗೈಡಿಗೆ ಒಂದು ಕಾಲದಲ್ಲಿ ಆ ಹೆಸರಿನ ಮೇಲೆ ಹೆಮ್ಮೆಯೂ ಇತ್ತು.

ಅವತ್ತು ಪಟ್ಟಿಯಲ್ಲಿ ಮೂವತ್ತೊಂದು ಜನ. ಬಾಗಿಲಲ್ಲಿ ನಿಂತು ಟಿಕೆಟು ನೋಡುತ್ತಿದ್ದವನು ಮೊದಲ ಸೀಟಿನಲ್ಲಿ ಕೂತ ಹೆಂಗಸನ್ನು ಕಂಡು ಒಳಗೊಳಗೇ ಕುಸಿದ. ಬಂದೇ ಬರುತ್ತಾಳೆಂದು ಗೊತ್ತಿತ್ತು. ಆರು ವರ್ಷದಿಂದ ಇದೇ ತಾರೀಖಿಗೆ ಬರುತ್ತಿದ್ದಳು. ಆದರೂ ಈ ಸಲವಾದರೂ ಬಾರದಿರಲಪ್ಪಾ ಎಂದುಕೊಳ್ಳುವುದನ್ನು ಅವನು ಬಿಟ್ಟಿರಲಿಲ್ಲ. ಬಟ್ಟೆ ಹೊಲಿದು ಬದುಕುವ ಹೆಂಗಸು, ಐವತ್ತೈದು ದಾಟಿದವಳು. ಬಸ್ಸು ಹತ್ತಿದರೆ ಹೊಟ್ಟೆ ತೊಳಸುತ್ತದೆಂದು ಯಾವಾಗಲೂ ಮುಂದಿನ ಸೀಟೇ ಕೇಳುತ್ತಿದ್ದಳು.

ಚೆನ್ನಾಗಿದೀರಾ ಅಣ್ಣಾ ಎಂದು ಅವಳೇ ಮಾತಾಡಿಸಿದಳು. ಅವಳ ಈ ಅಕ್ಕರೆಯೇ ಅವನಿಗೆ ತಡೆದುಕೊಳ್ಳಲಾಗದ್ದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆರು ವರ್ಷದ ಹಿಂದೆ ಅವಳ ಜೊತೆ ತಮ್ಮನೂ ಬಂದಿದ್ದ. ಮೂವತ್ತು ದಾಟಿದ ಆಳು, ಬಾಗಿಲು ತುಂಬುವಂಥ ಮೈಕಟ್ಟು, ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಕೂರು ಎಂದಲ್ಲಿ ಕೂರುವವನು, ಕೂರಿಸಿದವರೇ ಬಂದು ಏಳು ಎನ್ನುವವರೆಗೆ ಏಳದವನು. ಆರನೆಯ ಜಾಗ ಕೋಟೆ. ವಾಂತಿಯಿಂದ ಸುಸ್ತಾಗಿದ್ದ ಅಕ್ಕ ಬಸ್ಸಿನಲ್ಲೇ ಉಳಿದು, ಸ್ವಲ್ಪ ನೋಡಿಕೊಳ್ಳಿ ಎಂದು ತಮ್ಮನನ್ನು ಗೈಡಿಗೆ ಒಪ್ಪಿಸಿದ್ದಳು. ಮೇಲಿನ ಬುರುಜಿಗೆ ಇನ್ನೂರ ಹತ್ತು ಮೆಟ್ಟಿಲು. ಅರ್ಧಕ್ಕೇ ಅವನಿಗೆ ಏದುಸಿರು ಬಂತು, ಹಿಂದಿದ್ದವರು ಗೊಣಗತೊಡಗಿದರು. ಗೈಡು ಅವನನ್ನು ತಿರುವಿನ ಕಲ್ಲುಬೆಂಚಿನ ಮೇಲೆ ಕೂರಿಸಿ, ಇಳಿಯುವಾಗ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಮುಂದೆ ಹತ್ತಿದ. ಇಳಿಯುವ ಹೊತ್ತಿಗೆ ತಡವಾಗಿತ್ತು. ಹಿಂಬದಿಯ ಮೆಟ್ಟಿಲಿನಿಂದ ಇಳಿದರೆ ಎಂಟು ನಿಮಿಷ ಉಳಿಯುತ್ತದೆ. ಗಡಿಯಾರ ಆ ಎಂಟು ನಿಮಿಷ ಉಳಿಸಿತು, ಬೆಂಚನ್ನು ಮರೆಯಿತು.

ಬಸ್ಸು ಹೊರಡುವಾಗ ತಮ್ಮ ಹಿಂದೆ ಹತ್ತಿದನೇ ಎಂದು ಅವಳು ಕೇಳಿದ್ದಳು. ಗೈಡು ತಿರುಗಿಯೂ ನೋಡದೆ, "ಲೆಕ್ಕ ಸರಿ ಇದೆ ಅಕ್ಕಾ, ಎಲ್ಲರೂ ಇದಾರೆ" ಎಂದಿದ್ದ. ತಲೆ ಎಣಿಸಿಯೇ ಇರಲಿಲ್ಲ. ಏಳನೆಯ ಜಾಗವಾದ ಪೇಟೆಯಲ್ಲಿ ಎಲ್ಲರೂ ಇಳಿದರು, ತಮ್ಮನಿಲ್ಲ. ಆಗ ಬೆಂಚು ನೆನಪಾಯಿತು. ನಾಲಿಗೆ ತುದಿಗೆ ಬಂದದ್ದನ್ನು ಕೆಲಸದ ಭಯಕ್ಕೆ ನುಂಗಿಕೊಂಡು, ಇಲ್ಲೇ ಇಳಿದು ಗುಂಪಿನಲ್ಲಿ ತಪ್ಪಿಸಿಕೊಂಡಿರಬೇಕು ಎಂದುಬಿಟ್ಟ. ಮರುದಿನ ಕೋಟೆಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿದ್ದ. ಬೆಂಚು ಖಾಲಿ. ಅದರ ಬೆನ್ನಿಗೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಆಳದಲ್ಲಿ ಹೊಳೆ. ಸಿಕ್ಕಿದ್ದರೆ ಕೈಹಿಡಿದು ತಂದು ಅವಳ ಕಾಲಿಗೆ ಬೀಳುತ್ತಿದ್ದ. ಸಿಗದವನ ವಿಷಯ ಏನಂತ ಹೇಳುವುದು? ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುತ್ತಲೇ ಆರು ವರ್ಷವಾಯಿತು. ಅವನಿಗೆ ಉಳಿದಿದ್ದ ಸಮಾಧಾನ ಒಂದೇ. ಕೋಟೆಯ ಕಾವಲುಗಾರ ಆರು ಗಂಟೆಗೆ, ಮೇಲೆ ಯಾರಿದ್ದೀರಿ ಎಂದು ಕೂಗದೆ ಬಾಗಿಲು ಹಾಕುವವನಲ್ಲ. ಆ ಕೂಗು ಕೇಳಿ ಇಳಿದು, ಎಲ್ಲೋ ಹೋಗಿ, ಎಲ್ಲೋ ಬದುಕಿದ್ದಾನೆ.

ಪೊಲೀಸರು ಹುಡುಕಿದ್ದು ಪೇಟೆಯಲ್ಲಿ. ಅವಳು ಹುಡುಕಿದ್ದೂ ಪೇಟೆಯಲ್ಲೇ. ತಮ್ಮನ ಅಂಗಿ ಹೊಲಿದು ಮಿಕ್ಕಿದ್ದ ನೀಲಿ ಚೌಕಳಿ ಬಟ್ಟೆಯನ್ನು ಅಂಗೈಯಗಲ ಕತ್ತರಿಸಿ, ಈ ಬಟ್ಟೆ ತೊಟ್ಟವನನ್ನು ಕಂಡರೆ ಹೇಳಿ ಎಂದು ಅಂಗಡಿ ಅಂಗಡಿಗೂ ಕೊಟ್ಟಿದ್ದಳು. ಮುಖ ಮರೆತುಹೋಗುತ್ತದೆ, ಬಟ್ಟೆ ಮರೆಯಲ್ಲ ಎಂಬುದು ಅವಳ ವಾದ. ಬಣ್ಣ ಹೋದ ಚೂರುಗಳು ಈಗಲೂ ಕೆಲವು ಅಂಗಡಿಗಳಲ್ಲಿ ಮೊಳೆಗೆ ನೇತಾಡುತ್ತವೆ. ಕೋಟೆಯ ಕಡೆಗೆ ಒಂದು ಚೂರೂ ಹೋಗಿರಲಿಲ್ಲ.

ಅರಮನೆ, ಸೆರೆಮನೆ, ಹಳೇ ಸೇತುವೆ, ಎಲ್ಲವೂ ಹೇಗೋ ಮುಗಿದವು. ಅರಮನೆಯ ಕನ್ನಡಿಯ ಮುಂದೆ ಹತ್ತೊಂಬತ್ತು ವರ್ಷದಿಂದ ಹೇಳುತ್ತಿದ್ದ ಜೋಕನ್ನು ಅವನು ಅರ್ಧಕ್ಕೇ ಬಿಟ್ಟ, ಯಾರೂ ಗಮನಿಸಲಿಲ್ಲ. ಐದಕ್ಕೆ ಕೋಟೆ ಬಂತು. ಎಂದೂ ಇಳಿಯದವಳು ಕಂಬಿ ಹಿಡಿದು ಇಳಿದಳು.

"ಈ ಸಲ ನಾನೂ ಮೇಲೆ ಬರ್ತೀನಿ. ಅವನು ನೋಡಿದ್ದನ್ನೆಲ್ಲ ಒಂದ್ಸಲ ನೋಡಿಬಿಡ್ತೀನಿ. ಮುಂದಿನ ವರ್ಷದಿಂದ ಬರಲ್ಲ ಅಣ್ಣಾ, ನನಗೂ ಸಾಕಾಯ್ತು."

ಮೆಟ್ಟಿಲು ಕಡಿದು, ಮಂಡಿ ಹಿಡಿದುಕೊಳ್ಳುತ್ತದೆ, ಮೇಲೆ ನೋಡುವಂಥದ್ದೇನೂ ಇಲ್ಲ ಎಂದೆಲ್ಲ ಅವನು ಹೇಳಿನೋಡಿದ. ಈ ಊರಿನ ಕೋಟೆಯಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಗೈಡೊಬ್ಬ ಹೇಳಿದ್ದು ಅದೇ ಮೊದಲಿರಬೇಕು. ಅವಳು ಕೇಳಲಿಲ್ಲ. ನೂರು ಮೆಟ್ಟಿಲು ಹತ್ತಿ, ತಿರುವಿನಲ್ಲಿ ಕಲ್ಲುಬೆಂಚು ಕಂಡದ್ದೇ ಉಸ್ಸೆಂದು ಕೂತಳು. ಗೈಡು ಉಳಿದವರಿಗೆ ನೀವೇ ನೋಡಿಕೊಂಡು ಬನ್ನಿ ಎಂದು ಹೇಳಿ ನಿಂತುಕೊಂಡ.

ಅವಳು ಬೆವರು ಒರೆಸಿಕೊಳ್ಳುತ್ತ ಮಾತು ತೆಗೆದಳು. ಅವತ್ತು ಬೆಳಿಗ್ಗೆ ತಮ್ಮ ಅಂಗಿಯ ಗುಂಡಿ ಕಿತ್ತುಕೊಂಡಿದ್ದನಂತೆ, ಅವಳು ಬಸ್‌ ಸ್ಟ್ಯಾಂಡಿನಲ್ಲೇ ಬೈದಿದ್ದಳಂತೆ. ಆ ಸಿಟ್ಟಿಗೇ ಪೇಟೆಯಲ್ಲಿ ಅವಳ ಕೈತಪ್ಪಿಸಿ ಹೋದ ಎಂದು ನೆಂಟರೆಲ್ಲ ಆಡಿಕೊಂಡರು. ಇಲ್ಲದಿದ್ದರೆ ಕೂತಲ್ಲಿಂದ ಏಳದವನು ತಾನಾಗಿ ಹೇಗೆ ಹೋಗುತ್ತಾನೆ? "ನನ್ನ ಬಿಟ್ಟು ಹೋದ ಅಂತಾನೇ ನಾನೂ ಅಂದ್ಕೊಂಡಿದೀನಿ. ಒಂದು ಗುಂಡಿಗೋಸ್ಕರ ನೋಡಿ."

ಗೈಡು ಬೆಂಚಿನ ಹತ್ತಿರಕ್ಕೆ ಬಂದ. ಪಾಪಿ, ಈಗಲೂ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಮುಂದಿನ ವರ್ಷ ಅವಳು ಬರುತ್ತಲೇ ಇರಲಿಲ್ಲ, ಅವನು ಗೆದ್ದಂತೆಯೇ ಇತ್ತು.

"ಅಕ್ಕಾ, ಅವರು ಪೇಟೆಗೆ ಬರ್ಲೇ ಇಲ್ಲ," ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಬೆಂಚು, ಹಿಂಬದಿಯ ಮೆಟ್ಟಿಲು, ಎಂಟು ನಿಮಿಷ, ಎಣಿಸದೆ ಹೇಳಿದ ಲೆಕ್ಕ. ಹೇಳಿದರೆ ಹಗುರವಾಗುತ್ತದೆಂದು ಆರು ವರ್ಷ ನಂಬಿದ್ದ. ಏನೂ ಹಗುರವಾಗಲಿಲ್ಲ.

ಅವಳು ಅಳಲಿಲ್ಲ, ಶಪಿಸಲೂ ಇಲ್ಲ. ಹೊಲಿಗೆಗೆ ಮೊದಲು ಬಟ್ಟೆಯ ಮೇಲೆ ಆಡಿಸುವಂತೆ ಬೆಂಚಿನ ಮೇಲೆ ಕೈಯಾಡಿಸಿದಳು. ಆಮೇಲೆ, "ಏನಂತ ಹೇಳಿ ಕೂರಿಸಿದ್ರಿ? ಅದೇ ಮಾತಲ್ಲೇ ಹೇಳಿ," ಎಂದಳು.

"ಇಲ್ಲೇ ಕೂತಿರಪ್ಪಾ. ಇಳಿಯುವಾಗ ನಾನೇ ಬಂದು ಕರ್ಕೊಂಡು ಹೋಗ್ತೀನಿ, ಅಂದೆ."

"ಅವನೇನಂದ?"

"ಹೂಂ ಅಂದ್ರು. ನಕ್ರು."

ಹಾಗಾದರೆ ನನ್ನ ಬಿಟ್ಟು ಹೋಗಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಿಂದಿನ ಗೋಡೆಯ ಮೇಲಿಂದ ಬಗ್ಗಿ ಹೊಳೆಯ ಕಡೆ ಒಮ್ಮೆ ನೋಡಿದಳು, ಮತ್ತೆ ನೋಡಲಿಲ್ಲ. ಜನ ಇಳಿದು ಬರುತ್ತಿದ್ದರು. ಗೈಡು ಅಭ್ಯಾಸಬಲದಿಂದ ತಲೆ ಎಣಿಸಿದ, ಮೂವತ್ತು. ಹೊರಡೋಣವೇ ಎಂದು ಕೇಳಿದ್ದಕ್ಕೆ, ನೀವು ಹೋಗಿ, ಬಾಗಿಲು ಹಾಕುವ ಹೊತ್ತಿನವರೆಗೆ ಇಲ್ಲೇ ಕೂತಿರುತ್ತೇನೆ ಎಂದಳು. ಕೆಳಗೆ ಬಸ್ಸಿನ ಹಾರ್ನು ಬಡಿದುಕೊಳ್ಳುತ್ತಿತ್ತು. ಕೊನೆಗೆ ಡ್ರೈವರು ಫೋನ್ ಮಾಡಿ, "ಲೆಕ್ಕ ಸರಿ ಇದ್ಯೇನೋ ಗಡಿಯಾರ?" ಎಂದ.

"ಇಬ್ಬರು ಕಡಿಮೆ. ನೀನು ಹೊರಡು," ಎಂದು ಗೈಡು ಫೋನ್ ಇಟ್ಟು, ಬೆಂಚಿನ ಕೆಳಗಿನ ಮೆಟ್ಟಿಲ ಮೇಲೆ ಕೂತ.

ಬಿಸಿಲು ಗೋಡೆಯಿಂದ ಇಳಿಯಿತು. ಹೊಳೆಯ ಗಾಳಿ ಜೋರಾಗಿ ಬೀಸತೊಡಗಿತು. ಆರು ಗಂಟೆಯಾಗುತ್ತಿದ್ದಂತೆ ಅವನು ಕಾವಲುಗಾರನ ಕೂಗಿಗೆ ಕಿವಿಗೊಟ್ಟ. ಕೂಗು ಬರಲಿಲ್ಲ. ಕೆಳಗೆಲ್ಲೋ ಕಬ್ಬಿಣದ ಅಗಣಿ ಎಳೆದ ಸದ್ದು ಮಾತ್ರ ಬಂತು. ವಾಚು ನೋಡಿದ, ಆರು ದಾಟಿ ಮೂರು ನಿಮಿಷ.

"ಕಾವಲುಗಾರ ಕೂಗಿರ್ತಾನೆ ಅಕ್ಕಾ," ಎಂದ ಗೈಡು. ದನಿ ಅವನದೇ ಅನಿಸಲಿಲ್ಲ. "ದಿನಾ ಕೂಗ್ತಾನೆ. ಇಲ್ಲಿಗೆ ಕೇಳಿಸಲ್ಲ."

ಅವಳು ಮಬ್ಬಾಗುತ್ತಿದ್ದ ಮೆಟ್ಟಿಲುಗಳನ್ನೇ ನೋಡುತ್ತಿದ್ದಳು.

"ಕೇಳಿಸಿದ್ರೂ ಅವನು ಏಳ್ತಿರ್ಲಿಲ್ಲ ಅಣ್ಣಾ. ನೀವೇ ಬರ್ತೀನಿ ಅಂದಿದ್ರಲ್ಲ."