ಇಂದಿನ ಶ್ರೇಷ್ಠ ಆಟಗಾರ

ಧ್ವನಿವರ್ಧಕದಲ್ಲಿ ತನ್ನ ಹೆಸರು ಕೇಳಿದೊಡನೆ ಗಾರ್ಸೈಡ್ ಜನರತ್ತ ಕೈ ಎತ್ತಿದ್ದು ನಿಜ. ಅರೆಗಳಿಗೆ, ಅಷ್ಟೆ. ಅಷ್ಟರಲ್ಲಿ ಎದುರಾಳಿ ತಂಡದವನೊಬ್ಬ ಅವನ ಬೆನ್ನ ಹಿಂದಿನಿಂದ ನುಗ್ಗಿ ಚೆಂಡನ್ನು ಬಲೆಗೆ ಒದ್ದಾಗಿತ್ತು.

ಜನ ಬೈಯಲಿಲ್ಲ, ನಕ್ಕರು. ಊರೂರು ಅಲೆದು, ಕ್ಲಬ್ಬಿನಿಂದ ಕ್ಲಬ್ಬಿಗೆ ಬೈಗುಳ ತಿಂದು ದಪ್ಪಗಾದ ಚರ್ಮ ಅವನದು. ನಗು ಮಾತ್ರ ಒಳಗಿಳಿಯಿತು.

ಆಟ ಮುಗಿಯುವ ಮೊದಲೇ ಶ್ರೇಷ್ಠ ಆಟಗಾರನನ್ನು ಸಾರಿಬಿಡುವುದು ಇಲ್ಲಿನ ಪದ್ಧತಿ. ಆರಿಸುವವರು ಆ ದಿನದ ಪ್ರಾಯೋಜಕರು: ಮಹಡಿಯ ಗಾಜಿನ ಕೋಣೆಯಲ್ಲಿ, ಮೈದಾನಕ್ಕೆ ಬೆನ್ನು ಹಾಕಿ ಬಿಯರ್ ಹೀರುವ ಮಹನೀಯರು. ಇಂದು ಚರಂಡಿ ಶುಚಿ ಮಾಡುವ ಕಂಪನಿಯ ಸರದಿ. ನಾಲ್ಕನೇ ದರ್ಜೆಯ ಕ್ಲಬ್ಬು, ಚಾವಣಿ ಸೋರುತ್ತದೆ, ಆದರೂ ಪ್ರಶಸ್ತಿ ಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

“ಏನ್ ಮೇಷ್ಟ್ರೇ, ಜನಕ್ಕೆ ಟಾಟಾ ಮಾಡ್ತಿದ್ರಾ?” ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಡದ ಗೋಲ್‌ಕೀಪರ್ ಕೆಣಕಿದ.

ಗಾರ್ಸೈಡ್ ಅಂಚೆ ಶಿಕ್ಷಣದ ಮೂಲಕ ಇತಿಹಾಸದ ಪದವಿ ಪಡೆದಿದ್ದ, ಅದಕ್ಕೇ ಮೇಷ್ಟ್ರು. ತಾನು ಎಂಥ ಕೊಚ್ಚೆಯಲ್ಲಿದ್ದೇನೆಂದು ಆ ಓದು ತಿಳಿಸಿಕೊಟ್ಟಿತ್ತು. ಎದ್ದು ಹೋಗುವ ಧೈರ್ಯ ಪಠ್ಯದಲ್ಲಿರಲಿಲ್ಲ.

ಋತುವಿನ ಕೊನೆಯ ಪಂದ್ಯವಿದು. ಅವನ ಒಪ್ಪಂದವೂ ಮುಗಿಯುತ್ತಿತ್ತು. ಓಣಿಯಲ್ಲಿ ಮ್ಯಾನೇಜರ್ ಟ್ಯಾಟರ್ಸಲ್ ಸಿಕ್ಕ.

“ಬಾಸ್, ಮುಂದಿನ ವರ್ಷದ್ದು...”

“ಸೋಮವಾರ ನೋಡೋಣಪ್ಪ.”

“ಒಂದೇ ಒಂದು ವರ್ಷ ಕೊಡಿ. ಬೆಂಚಲ್ಲಿ ಕೂರಿಸಿದ್ರೂ ಪರವಾಗಿಲ್ಲ.”

“ಮೇಲೆ ಕಾಯ್ತಿದಾರೆ, ಹೋಗು. ನಗುನಗ್ತಾ ಮಾತಾಡ್ಸು. ಅವ್ರನ್ನ ಮಾತ್ರ ಕೆರಳಿಸ್ಬೇಡ.”

ಟ್ಯಾಟರ್ಸಲ್‌ನ ಕಣ್ಣು ಗಾರ್ಸೈಡನ ಕಿವಿಯಾಚೆ ಎಲ್ಲೋ ಇತ್ತು. ಥೂ, ಮೂವತ್ತು ದಾಟಿದ ಗಂಡಸು ಹೀಗೆ ಗೋಗರೆಯುವುದೇ! ಗಾರ್ಸೈಡನಿಗೆ ತನ್ನ ದನಿಯ ಮೇಲೇ ಹೇಸಿಗೆಯಾಯಿತು. ಆದರೂ ಮೆಟ್ಟಿಲು ಹತ್ತಿದ.

“ಬಾರಯ್ಯ ಹೀರೋ!” ಚರಂಡಿ ಕಂಪನಿಯ ಯಜಮಾನ ಕ್ರಾಬ್‌ಟ್ರೀ ತಬ್ಬಿಕೊಂಡ. “ಆಹಾ, ಏನ್ ಗೋಲು ಹೊಡ್ದೆ ಕಣಯ್ಯ!”

“ನಾನು ಹೊಡೀಲಿಲ್ಲ ಸರ್. ನನ್ನ ತಪ್ಪಿಂದ ಅವ್ರು ಹೊಡೆದ್ರು.”

“ಇರ್ಲಿ ಬಿಡು, ಗೋಲು ಗೋಲೇ.”

“ನನ್ನನ್ನೇ ಯಾಕೆ ಆರಿಸಿದ್ರಿ?”

ಕ್ರಾಬ್‌ಟ್ರೀ ಹೆಂಡತಿಯ ಮುಖ ನೋಡಿದ. ಆಕೆ ಬಾಯಲ್ಲಿದ್ದ ಮಾಂಸದ ಪೈ ತುಣುಕು ನುಂಗಿದಳು. “ಅಯ್ಯೋ, ಊಟ ಬರೋ ಹೊತ್ತಿಗೆ ಯಾರ್ದಾದ್ರೂ ಹೆಸರು ಕೊಡಿ ಅಂತ ಕ್ಲಬ್ಬಿನೋರು ಪ್ರಾಣ ತಿಂದ್ರಪ್ಪ.”

ಗಾರ್ಸೈಡ್ ನಕ್ಕ. ಕೆರಳಿಸಬಾರದಲ್ಲ.

ಗೋಡೆಯ ಮೇಲೆ ಕಂಪನಿಯ ಉದ್ದನೆಯ ಬ್ಯಾನರು. ಅದರ ಮುಂದೆ ಎಲ್ಲರೂ ಸಾಲಾಗಿ ನಿಂತರು. ಬಹುಮಾನವಾಗಿ ಕೊಟ್ಟ ಷಾಂಪೇನ್ ಬಾಟಲಿ ಹಿಡಿದ ಗಾರ್ಸೈಡ್ ನಡುವೆ. ಫೋಟೋದವನು ಕಣ್ಣು ಕಿರಿದು ಮಾಡಿದ.

“ನೀವು ಸ್ವಲ್ಪ ಪಕ್ಕಕ್ಕೆ ಸರ್. ಕಂಪನಿ ಹೆಸರು ಮುಚ್ಚೋಗ್ತಿದೆ.”

ಗಾರ್ಸೈಡ್ ಸರಿದ.

“ಇನ್ನೂ ಸ್ವಲ್ಪ. ಫೋನ್ ನಂಬರು ಕಾಣ್ತಿಲ್ಲ.”

ಸರಿದ. “ಬಾಟ್ಲು ಇಲ್ಲಿ ಕೊಡಯ್ಯ,” ಎಂದು ಕ್ರಾಬ್‌ಟ್ರೀ ಅದನ್ನು ಇಸಿದುಕೊಂಡು ಎದೆಗೊತ್ತಿಕೊಂಡ.

“ಇನ್ನೊಂಚೂರು ಸರ್.”

ಬೆನ್ನಿಗೆ ಬಾಗಿಲಿನ ಚೌಕಟ್ಟು ತಗುಲಿತು. ತಕರಾರು ತೆಗೆದರೆ ಮಾತು ಟ್ಯಾಟರ್ಸಲ್‌ನ ಕಿವಿ ಮುಟ್ಟೀತು. ಗಾರ್ಸೈಡ್ ಹಿಂದಕ್ಕೆ ಕಾಲಿಟ್ಟು ಹೊಸ್ತಿಲು ದಾಟಿ, ಗೋಡೆಯ ಮರೆಗೆ ಸರಿದ.

“ಹಾಂ, ಈಗ ಸರಿಹೋಯ್ತು. ಎಲ್ರೂ ನಗ್ಬೇಕು!”

ಒಳಗೆ ಬೆಳಕು ಮಿಂಚಿತು. ಹೊರಗೆ ಖಾಲಿ ಓಣಿಯಲ್ಲಿ, ಬಿಳಿ ಗೋಡೆಗೆ ಮುಖ ಮಾಡಿ, ಗಾರ್ಸೈಡ್ ಹಲ್ಲು ಬಿಟ್ಟುಕೊಂಡು ನಿಂತಿದ್ದ.