ಹದಿನಾಲ್ಕು ಬೈ ಎರಡು

ಆಫೀಸಿನಲ್ಲಿ ಅವಳಿಗೆ ಜರಡಿ ಎಂದೇ ಹೆಸರು. ಆಂಬುಲೆನ್ಸ್ ಕರೆಸುವ ಆಪ್‌ನಲ್ಲಿ ಜನ ಏನೇ ಟೈಪ್ ಮಾಡಲಿ, ಅದು ಅವಳು ಬರೆದ ಕೋಡಿನಲ್ಲಿ ಸೋಸಿಯೇ ಮುಂದೆ ಹೋಗಬೇಕು. ಅಕ್ಷರ, ಅಂಕಿ ಒಳಕ್ಕೆ. ಮಿಕ್ಕ ಚಿಹ್ನೆಗಳು ಹೊರಕ್ಕೆ. ಹಿಂದೊಮ್ಮೆ ಯಾವನೋ ಕಿಡಿಗೇಡಿ ವಿಳಾಸದ ಜಾಗದಲ್ಲಿ ಕಂಡಕಂಡ ಚಿಹ್ನೆ ತುರುಕಿ ಇಡೀ ವ್ಯವಸ್ಥೆಯನ್ನೇ ಮಕಾಡೆ ಮಲಗಿಸಿದ್ದ. ಆಮೇಲೆ ಬಂದದ್ದು ಈ ಕೋಡು.

"ನಿನ್ ಜರಡೀಲಿ ಸೊಳ್ಳೆನೂ ತೂರಲ್ಲ ಬಿಡು," ಎಂದಿದ್ದ ಅದನ್ನು ಪರೀಕ್ಷಿಸಿ ನೋಡಿದ ಪಕ್ಕದ ಮೇಜಿನ ಟೆಸ್ಟರ್.

ಬೇಡದ ಚಿಹ್ನೆ ಕಂಡರೆ ತಡೆದು ಕೇಳುವ ಬದಲು ಸದ್ದಿಲ್ಲದೆ ಅಳಿಸುವಂತೆ ಮಾಡಿದವಳೂ ಅವಳೇ. ಜೀವ ಬಾಯಿಗೆ ಬಂದವರನ್ನು ಕೆಂಪಕ್ಷರದಲ್ಲಿ ಗದರಿಸುವುದೇಕೆ ಎಂಬ ಕನಿಕರ.

ಊಟ ಮುಗಿಸಿ ಕೂತಾಗ ತಮ್ಮನ ಫೋನ್ ಬಂತು.

"ಅಕ್ಕಾ, ಅಪ್ಪ ಬಚ್ಚಲಲ್ಲಿ ಬಿದ್ಬಿಟ್ರು. ಬಾಯಿ ಸೊಟ್ಟಗಾಗಿದೆ. ನಿಮ್ಮ ಆಂಬುಲೆನ್ಸು ಎಲ್ಲಿ ಸತ್ತಿದೆ? ಬಂತು ಅಂತ ಮೆಸೇಜ್ ಬಂದಿದೆ, ಇಲ್ಲಿ ನೋಡಿದ್ರೆ ನರಪಿಳ್ಳೆ ಇಲ್ಲ!"

"ಮನೆ ನಂಬರ್ ಏನ್ ಹಾಕ್ದೆ?"

"ಇನ್ನೇನ್ ಹಾಕ್ತಾರೆ? ಹದಿನಾಲ್ಕು ಬೈ ಎರಡು!"

ಅವಳು ಅದನ್ನು ಹಾಳೆಯ ಮೇಲೆ ಬರೆದಳು. 14/2. ನಡುವಿನ ಗೆರೆ ಹೋದರೆ 142. ಅದು ಬೀದಿಯ ಇನ್ನೊಂದು ತುದಿ, ರೈಲ್ವೆ ಗೇಟಿನ ಆಚೆ.

ಡ್ರೈವರ್‌ಗೆ ಫೋನ್ ಮಾಡಿ ಸರಿಯಾದ ನಂಬರ್ ಹೇಳಿದಳು. "ನಂಗೆ ನೂರಾ ನಲವತ್ತೆರಡು ಅಂತಲೇ ಬಂದಿರೋದು ಮೇಡಂ. ಇಲ್ಲಿ ಬೀಗ ಹಾಕಿದ ಗೋಡೌನಿದೆ," ಎಂದು ಅವನು ರೇಗಿದ. "ಗಾಡಿ ತಿರುಗಿಸೋಷ್ಟರಲ್ಲಿ ರೈಲ್ವೆ ಗೇಟು ಬಿತ್ತು. ಏನ್ ಹಾರ್ಕೊಂಡು ಬರ್ಲಾ?"

ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. ಹೊರಡುವ ಮುನ್ನ ಕಣ್ಣು ಗೋಡೆಯ ಪರದೆಯತ್ತ ಹೋಯಿತು. ಈಗಷ್ಟೇ ಬಂದ ಕರೆಗಳ ಮನೆ ನಂಬರ್: 263, 1171, 85. ಇದು ಇನ್ನೂರ ಅರವತ್ತಮೂರೋ, ಇಪ್ಪತ್ತಾರು ಬೈ ಮೂರೋ?

"ಅಳಿಸಿದ್ದನ್ನ ಎಲ್ಲಾದ್ರೂ ಉಳಿಸಿದೀಯಾ?" ಟೆಸ್ಟರ್ ಮೆಲ್ಲಗೆ ಕೇಳಿದ.

"ಇಲ್ಲ ಕಣೋ. ಕಸ ಅಂತ ಬಿಸಾಕಿದೀನಿ."

"ನಾನೂ ಬರೀ ಅಂಕಿ ಹಾಕೇ ನೋಡಿದ್ದು. ನನ್ ಮನೆ ಐವತ್ತೊಂದು, ಅದನ್ನೇ ಹಾಕ್ದೆ." ಅವನು ಹಣೆ ಉಜ್ಜಿಕೊಂಡ. "ನೀನು ಹೋಗು. ಅಪ್ಪ ಅಲ್ವಾ?"

ಅವಳು ಚೀಲ ಇಳಿಸದೆಯೇ ಕೂತಳು. ಮೊದಲು ಕೋಡಿನಿಂದ ಗೆರೆ ಅಳಿಸುವ ಸಾಲನ್ನು ತೆಗೆದಳು. ಮುಂದೆ ಬರುವವರ ಗೆರೆ ಉಳಿಯುತ್ತದೆ. ಆದರೆ ಆಗಲೇ ಕರೆದವರು?

"ಪಟ್ಟೀಲಿ ಮೇಲಿನರ್ಧ ನಿಂಗೆ, ಕೆಳಗಿನರ್ಧ ನಂಗೆ. ಫೋನ್ ಹಚ್ಚು."

ಆಫೀಸ್ ಫೋನಿನಲ್ಲಿ ಮೊದಲ ನಂಬರು ರಿಂಗಾಗುತ್ತಿದ್ದಾಗ ಅವಳ ಮೊಬೈಲಿನಲ್ಲಿ ತಮ್ಮನ ಮೆಸೇಜ್ ಮೂಡಿತು: ಗಾಡಿ ಬಂತು. ಅಪ್ಪಂಗೆ ಮಾತು ಹೊರಡ್ತಿಲ್ಲ. ಬಾಗಿಲು ಕಡೆನೇ ನೋಡ್ತಿದಾರೆ. ಎಲ್ಲಿದೀಯಾ?

ಅತ್ತ ಯಾರೋ ಹೆಂಗಸು ಫೋನ್ ಎತ್ತಿದಳು.

"ಅಮ್ಮಾ, ಆಂಬುಲೆನ್ಸ್ ಆಫೀಸಿಂದ. ನಿಮ್ಮನೆ ನಂಬರಲ್ಲಿ ನಡುವೆ ಗೆರೆ ಇದೆಯಾ?"

"ಇದೆ ಕಣಮ್ಮಾ. ಎಷ್ಟೊತ್ತಿಂದ ಬೀದೀಲಿ ನಿಂತು ಕಾಯ್ತಿದೀನಿ. ಯಾಕೆ, ಬರಲ್ವಾ?"

ಮೊಬೈಲ್ ಮತ್ತೆ ನಡುಗಿತು. ಅವಳು ಅದನ್ನು ಮಗುಚಿಟ್ಟಳು.

"ಬರುತ್ತೆ," ಎಂದಳು. "ನಂಬರ್ ನಿಧಾನವಾಗಿ ಹೇಳಿ."