ಯಾವ ಕಡೆ ನೆಂಟರು

"ಇನ್ನೊಂದ್ಸಲ ಓದು," ಅಂದ ದೊಡ್ಡಮಾದಯ್ಯ.

ಪಂಚಾಯ್ತಿ ಕಚೇರಿ ಗೋಡೆಗೆ ಅಂಟಿಸಿದ್ದ ನೋಟೀಸಿನ ಮೇಲೆ ಬೆರಳಿಟ್ಟು ಜಗನ್ ಮತ್ತೆ ಓದಿದ. ಗ್ರಾಮಠಾಣದೊಳಗಿನ ಮನೆಗಳೆಲ್ಲ ವಾಸಕ್ಕೆ ಮಾತ್ರ. ಹೊರಗಿನವರಿಗೆ ದಿನಬಾಡಿಗೆಗೆ ಕೋಣೆ ಕೊಡಕೂಡದು. ಕೊಡುವವರು ಬಸ್‌ಸ್ಟಾಂಡಿನ ಹಿಂದೆ ಗೊತ್ತುಮಾಡಿದ ಜಾಗದಲ್ಲಿ ಕಟ್ಟಿಕೊಂಡು ಲೈಸೆನ್ಸು ಪಡೆಯತಕ್ಕದ್ದು. ತಪ್ಪಿದರೆ ಕೋಣೆಗೆ ಬೀಗ. ಸರ್ಕಾರ ಕೊಟ್ಟ ಆಶ್ರಯ ಮನೆಯಾಗಿದ್ದರೆ ಹಕ್ಕುಪತ್ರ ರದ್ದು ಮಾಡಲು ತಾಲ್ಲೂಕಿಗೆ ಬರೆಯಲಾಗುವುದು.

ದೊಡ್ಡಮಾದಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಅವನದು ಆಶ್ರಯ ಮನೆ.

"ಎದ್ರುಕೋಬ್ಯಾಡ ದೊಡ್ಡಪ್ಪ, ಕೆಳಗೆ ಇನ್ನೊಂದು ಸಾಲು ಅದೆ ನೋಡು. ನೆಂಟರು ಬಂದು ಉಳಿದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಈ ಸಾಲು ಸೇರಿಸ್ದೋನು ನಾನೇ ಕನ. ಮೀಟಿಂಗ್‌ನಲ್ಲಿ ಎದ್ದು ನಿಂತ್ಕಂಡು, ನೆಂಟ್ರು ಬರ್ದಿರೋ ಮನೆ ಯಾವುದಿದ್ದದು ಸ್ವಾಮಿ ಅಂದೆ. ಎಲ್ಲಾ ಕೈ ಎತ್ತುದ್ರು."

ಜಗನ್ ದೊಡ್ಡಮಾದಯ್ಯನ ತಮ್ಮನ ಮಗ. ಕೆಳಗಿನ ಬೀದಿಯಿಂದ ಗೆದ್ದು ಪಂಚಾಯ್ತಿ ಮೆಂಬರಾಗಿ ಎರಡು ವರ್ಷವಾಗಿತ್ತು.

"ಯಾರು ಬಂದು ಕೇಳುದ್ರೂ ನೆಂಟ್ರು ಅಂದ್ಬುಡು. ಮ್ಯಾಗಲ ಬೀದಿಯೋರೂ ಅದನ್ನೇ ಅನ್ನೋದು."

ನಂಜನಗೂಡಿನಿಂದ ಕವಲಂದೆ ಕಡೆಗೆ ಹೋಗುವ ಬಸ್ಸಿನಲ್ಲಿ ಆ ಊರಿಗೆ ಇಳಿಯುವವರಲ್ಲಿ ಅರ್ಧ ಜನ ಕುಂಟುವವರೇ. ಗುರುಮಲ್ಲಪ್ಪನವರ ಮನೆಯಲ್ಲಿ ಮೂರು ತಲೆಯಿಂದ ಮುರಿದ ಮೂಳೆ ಕಟ್ಟುತ್ತಾರೆ. ಬಿದಿರ ದಬ್ಬೆಯಿಟ್ಟು ಸೊಪ್ಪಿನ ಪಟ್ಟು ಹಾಕಿ ಕಟ್ಟಿದರೆ, ದಿನ ಬಿಟ್ಟು ದಿನ ಬಿಚ್ಚಿ ಎಣ್ಣೆ ನೀವಬೇಕು. ಹಾಗಾಗಿ ಕಾಲು ಮುರಿದವರು ಇಪ್ಪತ್ತೊಂದು ದಿನ ಊರಲ್ಲೇ ಇರಬೇಕಾಗುತ್ತಿತ್ತು. ಊರಿನ ಒಂದೊಂದು ಮನೆಯೂ ಒಂದೊಂದು ಕೋಣೆ ಬಿಟ್ಟುಕೊಟ್ಟು ಬದುಕು ನೋಡಿಕೊಂಡಿತ್ತು. ಆಮೇಲೆ ಒಂದು ದಿನ, ಗೌರಿಹಬ್ಬದ ಹೊತ್ತಿನಲ್ಲಿ, ರೋಗಿಗಳ ಜೊತೆ ಬಂದಿದ್ದವರು ಕುಡಿದು ಬಾವಿಕಟ್ಟೆ ಹತ್ತಿರ ಹೊಡೆದಾಡಿದರು. ನೋಟೀಸು ಬಂದದ್ದು ಅದರಿಂದ.

ಮೊದಮೊದಲು ಕೆಳಗಿನ ಬೀದಿಗೆ ಯಾವ ರೋಗಿಯೂ ಇಳಿದು ಬರುತ್ತಿರಲಿಲ್ಲ. ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಿದ್ದ ದೊಡ್ಡಮಾದಯ್ಯನ ಮಗಳು ಹಟ ಹಿಡಿದು ಮನೆಯ ಪಕ್ಕಕ್ಕೆ ಕೋಣೆ ಎಳೆಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಒತ್ತಿನಲ್ಲೇ ಕಕ್ಕಸು ಕಟ್ಟಿಸಿದ ಮೇಲೆ ಬಂದರು. ಮೇಗಲ ಬೀದಿಯ ಮನೆಗಳಲ್ಲಿ ಆಗಿನ್ನೂ ಚೊಂಬು ಹಿಡಿದುಕೊಂಡು ಹೊಲಕ್ಕೇ ಹೋಗಬೇಕು. ಕಾಲು ಮುರಿದವನು ಹೊಲದಲ್ಲಿ ಹೇಗೆ ಕೂತಾನು? ದೊಡ್ಡಮಾದಯ್ಯ ಹಳೆಯದೊಂದು ಮರದ ಕುರ್ಚಿಗೆ ನಡುವೆ ತೂತು ಕೊರೆದು ಕಕ್ಕಸಿನ ಗುಂಡಿ ಮೇಲಿಟ್ಟಿದ್ದ. ಆ ಕುರ್ಚಿಯ ಸುದ್ದಿ ಬನ್ನೂರಿನವರೆಗೂ ಹೋಯಿತು.

ನಿಂಗರಾಜು ಬಂದದ್ದು ಆ ಬನ್ನೂರು ಸೀಮೆಯಿಂದಲೇ. ಕಬ್ಬಿನ ಗಾಡಿಯಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ಗದ್ದೆ, ಹಸು ಇದ್ದ ಗೌಡರ ಮನೆಯವನು, ನಲವತ್ತರ ಆಸುಪಾಸು. ಜೊತೆಗೆ ಹೆಂಡತಿ ಪುಟ್ಟಗೌರಮ್ಮ. ಮೊದಲ ದಿನ ಸ್ಟೌ, ಪಾತ್ರೆ, ಕುಡಿಯುವ ನೀರಿನ ಬಿಂದಿಗೆ ಎಲ್ಲ ತಾವೇ ತಂದಿಟ್ಟುಕೊಂಡರು. ದೊಡ್ಡಮಾದಯ್ಯನ ಹೆಂಡತಿ ಸಾಕಮ್ಮ ಬಾಗಿಲಲ್ಲೇ ನಿಂತು ಕಸಪೊರಕೆ ಕೊಟ್ಟು ಬಂದಳು. ನಾಲ್ಕನೇ ದಿನ ಸೀಮೆಎಣ್ಣೆ ಮುಗಿದು, ಹೊರಗೆ ಹೊಯ್ಯುವ ಮಳೆ. ಪುಟ್ಟಗೌರಮ್ಮ ಕೋಣೆ ಬಾಗಿಲಲ್ಲಿ ನಿಂತು, "ಸಾಕಕ್ಕ, ಒಸಿ ಬಿಸಿ ಏನಾರ ಇದ್ದದಾ?" ಅಂದಳು. ಸಾಕಮ್ಮ ಎರಡು ಮುದ್ದೆ, ಸೊಪ್ಪಿನ ಸಾರು ಕೊಟ್ಟಳು. ನಿಂಗರಾಜು ಎರಡನ್ನೂ ತಾನೇ ತಿಂದು, "ಇವಳಿಗೂ ಒಂದು ಕೊಡವ್ವ," ಅಂದ.

ಗುರುಮಲ್ಲಪ್ಪನವರ ಜಗಲಿಗೆ ಹೋಗಬೇಕಾದ ದಿನ ದೊಡ್ಡಮಾದಯ್ಯ ಅವನನ್ನು ಬೆನ್ನ ಮೇಲೆ ಹೊರುತ್ತಿದ್ದ. ಕುಕ್ಕರಗಾಲಲ್ಲಿ ಕೂತು, ಮುರಿದ ಕಾಲನ್ನು ಬಲಗೈ ಮೇಲೆ ಉದ್ದಕ್ಕೆ ಮಲಗಿಸಿಕೊಂಡು, ಒಂದೇ ಉಸಿರಿಗೆ ಏಳುವುದು ಅವನಿಗೆ ಮಾತ್ರ ಕೈಗೂಡಿತ್ತು. ಮೊದಲು "ಏನಯ್ಯಾ" ಅನ್ನುತ್ತಿದ್ದ ನಿಂಗರಾಜು ವಾರ ತುಂಬುವ ಹೊತ್ತಿಗೆ "ಮಾದಣ್ಣ" ಅಂತಿದ್ದ.

ನೋಟೀಸು ಅಂಟಿಸಿದ ಮಾರನೆ ದಿನ ದಾರಿಯಲ್ಲಿ ದೊಡ್ಡಮಾದಯ್ಯ ವಿಷಯ ಎತ್ತಿದ. "ಗೌಡ್ರೇ, ಯಾರಾರ ಬಂದು ಕೇಳುದ್ರೆ ನೆಂಟ್ರು ಅಂದ್ಬುಡಿ. ಇಲ್ದಿದ್ರೆ ನನ್ ಮನೆ ಪತ್ರಕ್ಕೆ ಕುತ್ತು ಬತ್ತದೆ."

"ಅದ್ಕೇನು ಮಾದಣ್ಣ? ಸ್ವಂತ ಬಾಮೈದನೂ ನನ್ನ ಇಂಗೆ ಹೊತ್ತವನಲ್ಲ. ನಿನ್ನ ನೆಂಟ ಅನ್ದೆ ಇನ್ನೇನ್ ಅನ್ನಾನ?"

"ಬಾಮೈದುನ್ಗೆ ಬುದ್ಧಿ ಅದೆ ಬುಡಿ. ನಿಮ್ ತೂಕ ನೋಡವ್ನೆ."

ನಿಂಗರಾಜು ನಕ್ಕ. ಆ ನಗು ಬೆನ್ನಿಗೆ ತಾಗಿ ದೊಡ್ಡಮಾದಯ್ಯನಿಗೂ ನಗು ಬಂತು.

ಪಂಚಾಯ್ತಿ ಸೆಕ್ರೆಟರಿ ಸಿದ್ದಯ್ಯ ಪುಸ್ತಕ ಹಿಡಿದು ಮನೆಮನೆ ಹೊರಟದ್ದು ಗುರುವಾರ ಬೆಳಿಗ್ಗೆ. ಮೇಗಲ ಬೀದಿಯಲ್ಲಿ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲರೂ ನೆಂಟರೇ. ಸರ್ವಮಂಗಳಮ್ಮನ ಮನೆಯಲ್ಲಿ ಮೂಳೆ ಕೂಡಿ ಊರಿಗೆ ಹೊರಟು ನಿಂತಿದ್ದ ಮುದುಕನೊಬ್ಬ ಆಕೆಗೆ ಸೋದರಮಾವನಾಗಿದ್ದ. ಸಿದ್ದಯ್ಯ ನಗುತ್ತ ಬರೆದುಕೊಂಡ. ಅವನ ಹಿಂದೆ ಬಿಡುವಾಗಿದ್ದ ಏಳೆಂಟು ಜನ ಸೇರಿಕೊಂಡರು. ಕೈಗೆ ಕಟ್ಟು ಹಾಕಿಸಿಕೊಂಡ ಬನ್ನೂರಿನ ಒಬ್ಬನೂ ಅದರಲ್ಲಿದ್ದ. ಗುಂಪು ಕೆಳಗಿನ ಬೀದಿಗೆ ಇಳಿಯಿತು.

ನಿಂಗರಾಜು ಕೋಣೆಯ ಮುಂದೆ ಚಾಪೆ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಪುಟ್ಟಗೌರಮ್ಮ, ಸಾಕಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದರು.

"ಇವ್ರು ಯಾರು?" ಅಂದ ಸಿದ್ದಯ್ಯ.

"ನೆಂಟ್ರು ಸಾ," ಅಂದ ದೊಡ್ಡಮಾದಯ್ಯ.

ಗುಂಪಿನಲ್ಲಿ ಯಾರೋ ಕೆಮ್ಮಿದರು. ಸಿದ್ದಯ್ಯ ಪೆನ್ನಿನ ಕ್ಯಾಪು ತೆಗೆದ. ಮೇಗಲ ಬೀದಿಯಲ್ಲಿ ಕೇಳದ ಮಾತನ್ನು ಇಲ್ಲಿ ಕೇಳಿದ. "ಯಾವ ಕಡೆ ನೆಂಟ್ರಯ್ಯಾ? ಎಣ್ ಕಡೆಯೋ, ಗಂಡಿನ ಕಡೆಯೋ? ಬರ್ಕೋಬೇಕಲ್ಲ."

"ಎಣ್ ಕೊಟ್ಟವ್ರಾ, ತಂದವ್ರಾ ಕೇಳಿ ಸಾ," ಅಂತ ಹಿಂದಿನಿಂದ ಒಬ್ಬ. ಗುಂಪು ನಕ್ಕಿತು. ಬನ್ನೂರಿನವನು ನಗಲಿಲ್ಲ. ನಿಂಗರಾಜುವಿನ ಮುಖವನ್ನೇ ನೋಡುತ್ತಿದ್ದ.

ದೊಡ್ಡಮಾದಯ್ಯನೂ ಅದೇ ಮುಖ ನೋಡಿದ. ಒಂದು ಮಾತು. ಸುಳ್ಳೇ ಆದರೂ ಬೆಳಗಿನಿಂದ ಊರೆಲ್ಲ ಆಡಿದ ಸುಳ್ಳು.

ನಿಂಗರಾಜು ಚಾಪೆಯ ಅಂಚು ಕೀಳುತ್ತ, "ತಮಾಸೆ ಮಾಡ್ತಾನೆ ಸಾ ಇವ್ನು," ಅಂದ. "ನಾವು ಗೌಡ್ರು. ಇವ್ರಿಗೂ ನಮಗೂ ಎಲ್ಲಿಂದ ನೆಂಟಸ್ತನ? ದಿನಬಾಡಿಗೆಗೆ ಇದ್ದೀವಿ. ಅಡುಗೆ, ನೀರು ಎಲ್ಲಾ ನಮ್ದೇ."

ಸಾಕಮ್ಮ ಕೈಯಲ್ಲಿದ್ದ ಕಾಯಿಯನ್ನು ಬಿಡಿಸದೆ ಹಾಗೇ ಮೊರಕ್ಕೆ ಹಾಕಿದಳು. ಪುಟ್ಟಗೌರಮ್ಮ ತಲೆ ತಗ್ಗಿಸಿಕೊಂಡೇ ಎದ್ದು ಸೆರಗಿನಲ್ಲಿದ್ದ ಸಿಪ್ಪೆ ಕೊಡವಿ ಒಳಗೆ ಹೋದಳು. ಪಾತ್ರೆ ಕಟ್ಟುವ ಸದ್ದು ಕೇಳಿಸಿತು.

"ಅವ್ರೇ ಬಾಡ್ಗೆ ಅಂತಾವ್ರಲ್ಲಯ್ಯಾ, ನಾನೇನ್ ಮಾಡ್ಲಿ," ಅಂದ ಸಿದ್ದಯ್ಯ. ಕೋಣೆ ಖಾಲಿ ಮಾಡಿಸಿ ಬೀಗ ಹಾಕಿದ. ತಾಲ್ಲೂಕಿಗೆ ಬರೆಯುವ ಕಾಗದಕ್ಕೆ ರುಜು ಕೇಳಿದ. ದೊಡ್ಡಮಾದಯ್ಯ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದ. ಸುದ್ದಿ ಕೇಳಿ ಓಡಿ ಬಂದ ಜಗನ್ ಬಾಗಿಲಲ್ಲಿ ನಿಂತು, "ನಾನೇ ಬರ್ಸಿದ್ದು ದೊಡ್ಡಪ್ಪ, ಆ ಸಾಲ," ಅಂದ.

"ನಿಂದೇನು ತಪ್ಪಿಲ್ಲ ಕಣ್ಲಾ. ನೆಂಟ್ರು ಅನ್ನೋ ಪದ ಚೆನ್ನಾಗೇ ಅದೆ."

ಸರ್ವಮಂಗಳಮ್ಮನ ಮನೆಯಲ್ಲಿ ಆ ಮುದುಕನ ಕೋಣೆ ಖಾಲಿಯಾಗಿತ್ತು. ನಿಂಗರಾಜುವನ್ನು ಅಲ್ಲಿಗೆ ಸಾಗಿಸಬೇಕು. ಮೇಗಲ ಬೀದಿಯ ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿದರು. ಕಟ್ಟು ಹಾಕಿದ ಕಾಲು ಜೋತುಬಿತ್ತು. ನಿಂಗರಾಜು ಕರು ಅರಚಿದಂತೆ ಅರಚಿದ. ಅವರು ಗಾಬರಿಯಾಗಿ ಇಳಿಸಿದರು. ಪುಟ್ಟಗೌರಮ್ಮ ಗಂಟು ಹಿಡಿದುಕೊಂಡು ಅಳುತ್ತ ನಿಂತಳು. ಸಾಕಮ್ಮನ ಕಡೆ ನೋಡಿ, ನೋಡಲಾರದೆ ನೆಲ ನೋಡಿದಳು.

"ಓಗ್ಬ್ಯಾಡ ನೀನು," ಅಂದಳು ಸಾಕಮ್ಮ ಗಂಡನಿಗೆ.

"ಹನ್ನೊಂದು ದಿನದ ಮೂಳೆ ಕಣಮ್ಮಿ. ಕೂಡಿರೋದು ಬುಟ್ಟೋದದು."

ದೊಡ್ಡಮಾದಯ್ಯ ಹೋಗಿ ಕುಕ್ಕರಗಾಲಲ್ಲಿ ಕೂತ. ಬೆನ್ನ ಮೇಲೆ ಭಾರ ಬಂತು, ಕೈ ಕೊರಳ ಸುತ್ತ ಬಂತು. ಬಾವಿಕಟ್ಟೆ ದಾಟಿ ಮೇಗಲ ಬೀದಿಗೆ ಹತ್ತಿದರು.

ಸರ್ವಮಂಗಳಮ್ಮನ ಜಗಲಿಯ ಮೇಲೆ ಸಿದ್ದಯ್ಯ ಕಾಫಿ ಕುಡಿಯುತ್ತ ಕೂತಿದ್ದ. ಪುಸ್ತಕ ತೊಡೆಯ ಮೇಲೆ ತೆರೆದೇ ಇತ್ತು. ಆಕೆ ಲಿಂಗಾಯಿತರವಳು, ನಿಂಗರಾಜು ಒಕ್ಕಲಿಗ. ಅದು ಸಿದ್ದಯ್ಯನಿಗೂ ಗೊತ್ತು.

"ಇವರು ನಿಮಗೇನಾಗಬೇಕಮ್ಮ?" ಅಂದ ಲೋಟ ಕೆಳಗಿಡುತ್ತ.

ಸರ್ವಮಂಗಳಮ್ಮ ಬಾಯಿ ತೆರೆಯುವ ಮೊದಲೇ ದೊಡ್ಡಮಾದಯ್ಯನ ಕಿವಿಯ ಹತ್ತಿರ ಉಸಿರು ಬಿಸಿಯಾಯಿತು.

"ನೆಂಟ್ರು ಸಾ," ಅಂದ ನಿಂಗರಾಜು. "ದೂರದ ನೆಂಟ್ರು."

ಸಿದ್ದಯ್ಯ ಬರೆದುಕೊಂಡ. ಯಾವ ಕಡೆ ಅಂತ ಕೇಳಲಿಲ್ಲ.

ಜಗಲಿಯ ಕಲ್ಲಿನ ಅಂಚು ಕಾಲಿಗೆ ತಾಗದಂತೆ ದೊಡ್ಡಮಾದಯ್ಯ ಇನ್ನೂ ಒಂದಿಷ್ಟು ಬಗ್ಗಿದ. ಬಗ್ಗಿ, ಕೊರಳ ಸುತ್ತಿದ ಕೈ ಬಿಡಲಿ ಅಂತ ಕಾದ.